ಜೊಂಡಿನಲ್ಲಿ ಬ್ರಿಜಿಡ್ ಶಿಲುಬೆ ಹೆಣೆಯುವ ಬಗೆ

ಐರ್ಲೆಂಡಿನ ರೈತನಿಗೆ ಜೊಂಡು ಬರೀ ಕಳೆ. ನೀರು ಬಸಿಯದ ಹುಲ್ಲುಗಾವಲನ್ನು ಅದು ವರ್ಷ ವರ್ಷವೂ ನುಂಗುತ್ತದೆ. ಆದರೆ ಐರ್ಲೆಂಡಿನ ಪೋಷಕ ಸಂತಳಾದ ಬ್ರಿಜಿಡಳ ಹಬ್ಬವಾದ ಫೆಬ್ರವರಿ 1ರ ಹಿಂದಿನ ಸಂಜೆ ಅದೇ ಕಳೆಯನ್ನು ಗೌರವದಿಂದ ಮನೆಯೊಳಕ್ಕೆ ತಂದು, ಬೆಂಕಿ ಮತ್ತು ರೋಗ ಹತ್ತಿರ ಸುಳಿಯದಿರಲೆಂದು ನಡುವೆ ಚೌಕ, ಸುತ್ತ ನಾಲ್ಕು ತೋಳುಗಳಿರುವ ಶಿಲುಬೆ ಹೆಣೆದು ಬಾಗಿಲ ಮೇಲೂ ಕೊಟ್ಟಿಗೆಯಲ್ಲೂ ಕಟ್ಟುತ್ತಾರೆ.

ಹೊಳಪಿನ ಹಸಿರಿರುವ, ನುಣುಪಾದ ಮೆದು ಜೊಂಡನ್ನೇ ಆರಿಸಿಕೊಳ್ಳಿ. ನೀಲಿ ಛಾಯೆಯ, ಗೀರುಗೀರಾದ ಗಟ್ಟಿ ಜೊಂಡಿನ ತಿರುಳು ಒಳಗೆ ತುಂಡುತುಂಡಾಗಿರುತ್ತದೆ, ಅದು ಈ ಕೆಲಸಕ್ಕೆ ಬೇಡ. ಕತ್ತರಿಸದೆ ಕೈಯಿಂದ ಕಿತ್ತು ತರುವುದು ಸಂಪ್ರದಾಯ. ಸುಮಾರು ಇಪ್ಪತ್ತು ಎಳೆ ಸಾಕು. ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಅಂಗಡಿಯ ಒಣ ಜೊಂಡನ್ನಾಗಲಿ ಪ್ಲಾಸ್ಟಿಕ್ ಕೊಳವೆಗಳನ್ನಾಗಲಿ ತರಲೇಬೇಡಿ; ಮೊದಲನೆಯದು ಮಡಿಕೆಯಲ್ಲೇ ಮುರಿಯುತ್ತದೆ, ಎರಡನೆಯದು ಮಡಿಸಿದ ಹಾಗೆ ನಿಲ್ಲುವುದಿಲ್ಲ.

ಬಹಳ ಮಂದಿ ಎಡವುವುದು ನಡುವಿನ ಚೌಕದಲ್ಲಿ. ಒಂದು ಎಳೆಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿಯಿರಿ. ಎರಡನೆಯದನ್ನು ಮಡಚುವ ಮುನ್ನ ಅದರ ಮಧ್ಯಭಾಗವನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿ. ಒಳಗಿನ ಬೆಂಡಿನಂತಹ ಬಿಳಿ ತಿರುಳು ಕುಗ್ಗಿದರೆ ಸಿಪ್ಪೆ ಸೀಳುವುದಿಲ್ಲ. ಈಗ ಅದನ್ನು ಮೊದಲನೆಯದರ ನಡುವಿಗೆ ಬಳಸಿ ಮಡಚಿ, ತುದಿಗಳೆರಡೂ ಬಲಕ್ಕೆ ಚಾಚಿರಲಿ. ಇಡೀ ಹೆಣಿಗೆಯನ್ನು ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿದರೆ ಆ ತುದಿಗಳು ಮೇಲ್ಮುಖವಾಗುತ್ತವೆ. ಮೇಲೆ ನಿಂತ ಎಳೆಗಳನ್ನೆಲ್ಲ ಒಟ್ಟಿಗೆ ಬಳಸುವಂತೆ ಮೂರನೆಯದನ್ನು ಮತ್ತೆ ಬಲಕ್ಕೆ ಮಡಚಿ, ನಡುವಿಗೆ ಬಿಗಿಯಾಗಿ ತಳ್ಳಿ, ಪುನಃ ತಿರುಗಿಸಿ. ಮಾತನಾಡುತ್ತ ಒಮ್ಮೆ ಪ್ರದಕ್ಷಿಣವಾಗಿ ತಿರುಗಿಸಿಬಿಟ್ಟರೆ ಚೌಕ ಕೆಡುತ್ತದೆ, ಬಿಚ್ಚಿ ಮತ್ತೆ ಆರಂಭಿಸುವುದೊಂದೇ ದಾರಿ. ಹೆಬ್ಬೆರಳು ನಡುವನ್ನು ಬಿಡಲೇಬಾರದು: ಮೊದಲ ಆರೇಳು ಎಳೆಗಳವರೆಗೆ ಹಿಡಿತ ಸಡಿಲವಾದರೆ ಇಡೀ ಶಿಲುಬೆ ಜಾರಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಅದು ತನ್ನನ್ನು ತಾನೇ ಬಿಗಿಹಿಡಿಯುತ್ತದೆ.

ಎಳೆಗಳು ಮುಗಿದ ಮೇಲೆ ನಾಲ್ಕು ತೋಳುಗಳ ತುದಿಯನ್ನೂ ಕಟ್ಟಿ ಸಮನಾಗಿ ಕತ್ತರಿಸಿ. ರಬ್ಬರ್ ಬ್ಯಾಂಡ್ ಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಉಣ್ಣೆಯ ದಾರ ಅಥವಾ ಜೊಂಡಿನದೇ ಎಳೆಯಿಂದ ಕಟ್ಟಿ; ಒಣಗುವಾಗ ಜೊಂಡು ಕುಗ್ಗುವುದರಿಂದ ವಾರದ ನಂತರ ಮತ್ತೊಮ್ಮೆ ಬಿಗಿಯಿರಿ.

ಹಳೆಯ ಶಿಲುಬೆಯನ್ನು ಎಸೆಯಬೇಡಿ. ಹುಲ್ಲು ಹೊದಿಸಿದ ಮನೆಗಳಲ್ಲಿ ಅದನ್ನು ಮಾಡಿನ ಒಳಗೆ ಸಿಕ್ಕಿಸಿ, ಹೊಸದನ್ನು ಬಾಗಿಲ ಮೇಲೆ ಕಟ್ಟುತ್ತಿದ್ದರು.