ಅಂತೆ ಕಂತೆಯ ಪುಸ್ತಕ: ಮಗನ ಜೊತೆ 'ಜೋಜೋ ರ್ಯಾಬಿಟ್' ನೋಡಿದ್ದು

ದಸರಾ ರಜೆಗೆ ಇನ್ನೆರಡು ದಿನ ಇತ್ತು. ಮಗ ಸ್ಕೂಲಿಂದ ಬಂದವನೇ ಬ್ಯಾಗನ್ನು ಸೋಫಾ ಮೇಲೆ ಎಸೆದು, "ಅಮ್ಮ, ಅವರ ಮನೇಲಿ ಏನು ಕೊಟ್ರೂ ತಿನ್ಬಾರ್ದಂತೆ. ಉಗುಳಿ ಕೊಡ್ತಾರಂತೆ" ಅಂದ. ಯಾರ ಮನೆ ಅಂತ ಇಲ್ಲಿ ಬರೆಯೋದಿಲ್ಲ. ಅವನ ಕ್ಲಾಸಿನಲ್ಲೇ ಇರುವ ಹುಡುಗನ ಮನೆ, ಅಷ್ಟು ಸಾಕು. ಯಾರು ಹೇಳಿದ್ದು ಅಂತ ಕೇಳಿದೆ. "ಎಲ್ಲರೂ ಹೇಳ್ತಾರೆ." ಚೆನ್ನಾಗಿ ಬೈದೆ. ಅವನು ಸುಮ್ಮನಾದ. ಆದರೆ ನಂಬಿದ್ದನ್ನು ಬಿಟ್ಟಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆಗ ನೆನಪಾಗಿದ್ದು 'ಜೋಜೋ ರ್ಯಾಬಿಟ್'. 2019ರ ಸಿನಿಮಾ. ಮಾಡಿದ್ದು ನ್ಯೂಜಿಲೆಂಡಿನ ತೈಕಾ ವೈಟಿಟಿ. 2020ರಲ್ಲಿ ಚಿತ್ರಕಥೆಗೆ ಆಸ್ಕರ್ ಕೂಡ ಬಂತು. ಯುದ್ಧ ಮುಗಿಯುತ್ತಾ ಬಂದ ಜರ್ಮನಿ. ಹತ್ತು ವರ್ಷದ ಜೋಜೋಗೆ ಹಿಟ್ಲರ್ ಅಂದ್ರೆ ಪ್ರಾಣ. ಎಷ್ಟು ಅಂದ್ರೆ, ಅವನು ಮನಸ್ಸಿನಲ್ಲೇ ಕಟ್ಟಿಕೊಂಡ ಗೆಳೆಯನೇ ಹಿಟ್ಲರ್. ಆ ವೇಷ ಹಾಕಿದ್ದೂ ವೈಟಿಟಿಯೇ. ಅವರ ತಾಯಿ ಕಡೆಯವರು ಯಹೂದಿಗಳು ಅನ್ನೋದು ಗೊತ್ತಿದ್ದರೆ ಆ ವೇಷಕ್ಕೆ ಬೇರೆಯದೇ ರುಚಿ. ಒಂದು ದಿನ ಮಹಡಿಯ ಗೋಡೆ ಹಿಂದೆ ಎಲ್ಸಾ ಅನ್ನೋ ಯಹೂದಿ ಹುಡುಗಿ ಸಿಗುತ್ತಾಳೆ. ಅವಳನ್ನು ಬಚ್ಚಿಟ್ಟವಳು ಜೋಜೋನ ಅಮ್ಮನೇ. (ಕಥೆಯ ಗುಟ್ಟು ಬಿಡದೆ ಇದನ್ನು ಬರೆಯೋಕಾಗಲ್ಲ. ನೋಡದವರು ಇಲ್ಲಿಗೇ ನಿಲ್ಲಿಸಬಹುದು.)

ಅಮೆರಿಕದಲ್ಲಿ ಇದಕ್ಕೆ ಪಿಜಿ-13 ಕೊಟ್ಟಿದ್ದಾರೆ, ಅಂದ್ರೆ ಹದಿಮೂರರ ಒಳಗಿನ ಮಕ್ಕಳಿಗೆ ತೋರಿಸೋ ಮುಂಚೆ ಅಪ್ಪ ಅಮ್ಮ ಯೋಚಿಸಬೇಕು ಅಂತ. ನನ್ನ ಮಗನಿಗೆ ಹನ್ನೊಂದು. ಹಾಗಾಗಿ ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ನಾನೊಬ್ಬಳೇ ಇನ್ನೊಮ್ಮೆ ನೋಡಿದೆ. ಮೂರು ಜಾಗ ಗುರುತು ಹಾಕಿಕೊಂಡೆ: ಗ್ರೆನೇಡ್ ಸಿಡಿಯೋದು, ಊರ ಚೌಕದಲ್ಲಿ ನೇಣಿಗೆ ಹಾಕಿದ ದೇಹಗಳು, ಕೊನೆಯ ಬೀದಿ ಕಾಳಗ. ಬೆಳಿಗ್ಗೆ ಯಜಮಾನರು ಒಂದೇ ಪ್ರಶ್ನೆ ಕೇಳಿದರು: "ಹಿಟ್ಲರ್‌ನ ನೋಡಿ ಮಕ್ಕಳು ನಗಬೇಕಾ?" ನ್ಯಾಯವಾದ ಪ್ರಶ್ನೆ. 1940ರಲ್ಲೇ ಹಿಟ್ಲರ್‌ನ ಅಣಕ ಮಾಡಿ ಸಿನಿಮಾ ತೆಗೆದ ಚಾಪ್ಲಿನ್, ಹಿಟ್ಲರ್‌ನ ಸೆರೆ ಕ್ಯಾಂಪುಗಳಲ್ಲಿ ನಿಜಕ್ಕೂ ಏನಾಗ್ತಿದೆ ಅಂತ ಗೊತ್ತಿದ್ದರೆ ಅದನ್ನು ಮಾಡೋಕೆ ಆಗ್ತಿರಲಿಲ್ಲ ಅಂತ ಆಮೇಲೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆದರೆ ನಮ್ಮಲ್ಲಿ ಹಿಟ್ಲರ್ ಆಗಲೇ ತಮಾಷೆಯ ಹೆಸರಾಗಿಬಿಟ್ಟಿದೆ. ಲೆಕ್ಕದ ಮೇಷ್ಟ್ರು ಹಿಟ್ಲರ್, ಆಫೀಸಿನ ಬಾಸ್ ಹಿಟ್ಲರ್. 'ಹಿಟ್ಲರ್ ಕಲ್ಯಾಣ' ಅಂತ ಧಾರಾವಾಹಿಯೇ ಬಂತಲ್ವಾ. ಮಗನ ಮಟ್ಟಿಗೆ ಹಿಟ್ಲರ್ ಅಂದ್ರೆ ಸಿಡುಕ, ಅಷ್ಟೇ. ಆ ತಮಾಷೆಗಿಂತ ಇದು ವಾಸಿ ಅನ್ನಿಸಿತು.

ಆಯುಧಪೂಜೆಯ ಮಾರನೇ ದಿನ ಕೂತೆವು. ಮೊದಲ ತೊಡಕು ಬಂದದ್ದು ಅತ್ತೆಯಿಂದ. ಕಾಫಿ ಲೋಟ ಹಿಡಿದು ಬಂದವರು ಟಿವಿಯಲ್ಲಿ ಕೆಂಪು ಬಾವುಟ ನೋಡಿ, "ಇದೇನೇ, ಸ್ವಸ್ತಿಕ ಹಾಕ್ಕೊಂಡು ಓಡಾಡ್ತಿದಾರೆ?" ಅಂದರು. ಹಿಂದಿನ ದಿನವಷ್ಟೇ ನಮ್ಮ ಸ್ಕೂಟರಿಗೆ ಅವರೇ ಕುಂಕುಮದಲ್ಲಿ ಸ್ವಸ್ತಿಕ ಬರೆದಿದ್ದರು. ಅದಿನ್ನೂ ಅಳಿಸಿರಲಿಲ್ಲ. "ಅವರದ್ದು ಉಲ್ಟಾ ಅಜ್ಜಿ" ಅಂದ ಮಗ. ಎಲ್ಲರೂ ಹೀಗೇ ಹೇಳೋದು, ಆದರೆ ಅದು ತಪ್ಪು. ಸಿನಿಮಾ ನಿಲ್ಲಿಸಿ ಇಬ್ಬರನ್ನೂ ಸ್ಕೂಟರ್ ಹತ್ತಿರ ಕರೆದುಕೊಂಡು ಹೋದೆ. ತಿರುಗಿರೋ ದಿಕ್ಕು ಎರಡರದ್ದೂ ಒಂದೇ. ಅವರ ಬಾವುಟದಲ್ಲಿ ಅದನ್ನು ಓರೆ ಮಾಡಿ, ಮೂಲೆಯ ಮೇಲೆ ನಿಲ್ಲಿಸಿದ್ದಾರೆ. ಹಿಟ್ಲರ್‌ನ ನಾಜಿ ಪಕ್ಷ ಅದನ್ನು ಬಾವುಟಕ್ಕೆ ಏರಿಸಿದ್ದು 1920ರಲ್ಲಿ. ಜರ್ಮನ್ನರು ಕರೆಯೋದು ಕೊಕ್ಕೆ ಶಿಲುಬೆ ಅಂತ. ಅತ್ತೆ ಒಂದು ನಿಮಿಷ ಸ್ಕೂಟರನ್ನೇ ನೋಡಿ, "ಪಾಪಿಗಳು" ಅಂತ ಒಳಗೆ ಹೋದರು.

ಅರ್ಧ ಸಿನಿಮಾ ಮಗ ಬರೀ ನಕ್ಕ. ಗುಪ್ತ ಪೊಲೀಸರು ಮನೆ ತಪಾಸಣೆಗೆ ಬಂದಾಗ ಒಬ್ಬೊಬ್ಬರೂ ಒಬ್ಬೊಬ್ಬರಿಗೂ ಕೈ ಎತ್ತಿ 'ಹೈಲ್ ಹಿಟ್ಲರ್' ಹೇಳೋ ದೃಶ್ಯ ಇದೆ. ಅವನು ಎಣಿಸೋಕೆ ಹೋಗಿ ಲೆಕ್ಕ ತಪ್ಪಿದ. ಎರಡು ದಿನ ಬಿಟ್ಟು ತಂಗಿಯ ಮಗ ಬಂದಾಗ ಇಬ್ಬರೂ ಹಾಲಿನಲ್ಲಿ ಅದನ್ನೇ ಆಡುತ್ತಿದ್ದರು, ಕೈ ನೆಟ್ಟಗೆ ಮುಂದೆ ಚಾಚಿ. ನನ್ನ ಎದೆ ಧಸಕ್ಕೆಂದಿತು. ಮತ್ತೆ ಬೈದೆ, ಮತ್ತೆ ಕೆಲಸಕ್ಕೆ ಬರಲಿಲ್ಲ. ಆಮೇಲೆ ಒಂದು ಮಾತು ಕೇಳಿದೆ: ಆ ದೃಶ್ಯದಲ್ಲಿ ಎಲ್ಸಾ ಎಲ್ಲಿದ್ದಳು? ಅವಳು ಜೋಜೋನ ಸತ್ತ ಅಕ್ಕನ ಹೆಸರು ಹೇಳಿಕೊಂಡು ಅವರ ಮುಂದೆಯೇ ನಿಂತಿದ್ದಳು. ಹುಟ್ಟಿದ ದಿನ ಕೇಳಿದಾಗ ತಪ್ಪು ಹೇಳಿದ್ದಳು, ಮೇ 7ರ ಬದಲು ಮೇ 1. ಅವಳ ಕಾಗದ ಹಿಡಿದಿದ್ದ ಜರ್ಮನ್ ಸೇನೆಯ ಕ್ಯಾಪ್ಟನ್ ಬೇಕೆಂದೇ ಸರಿ ಅಂದದ್ದಕ್ಕೆ ಉಳಿದಳು. ಮಗ ಯೋಚನೆ ಮಾಡಿ, "ಅವಳೂ ಕೈ ಎತ್ತಿದ್ಲು, ಅಲ್ವಾ?" ಅಂದ. ಆಟ ಅಲ್ಲಿಗೆ ನಿಂತಿತು.

ನನಗೆ ಬೇಕಾಗಿದ್ದದ್ದು ಮಾತ್ರ ಜೋಜೋ ಬರೆಯೋ ಪುಸ್ತಕ. ಯಹೂದಿಗಳ ಗುಟ್ಟು ಪತ್ತೆ ಮಾಡ್ತೀನಿ ಅಂತ ಎಲ್ಸಾಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳ್ತಾನೆ. ನೀವು ಮಲಗೋ ಗೂಡು ಬರಿ, ರಾಣಿ ಯಹೂದಿ ಎಲ್ಲಿ ಮೊಟ್ಟೆ ಇಡುತ್ತೆ ತೋರಿಸು ಅಂತಾನೆ. ಅವಳೂ ಸಿಟ್ಟಿನಲ್ಲಿ ಇಲ್ಲದ್ದನ್ನೆಲ್ಲ ಹೇಳ್ತಾಳೆ, ಅವನು ಅದನ್ನೂ ಬರೆದುಕೊಳ್ತಾನೆ. "ಬರೀ ಅಂತೆ ಕಂತೆ" ಅಂತ ಮಗ ಬಿದ್ದು ಬಿದ್ದು ನಕ್ಕ. ನಾನು ಬಾಯಿ ಬಿಡಲಿಲ್ಲ. ಉಗುಳಿನ ಮಾತು ನಾಲಿಗೆ ತುದಿಯಲ್ಲಿತ್ತು, ನುಂಗಿಕೊಂಡೆ. ಇಡೀ ಸಿನಿಮಾದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ ಅದು.

ತಪ್ಪು ಮಾಡಿದ್ದು ಶೂ ವಿಷಯದಲ್ಲಿ. ಶುರುವಿಗೆ ಮುಂಚೆ "ಇದರಲ್ಲಿ ಒಬ್ಬರು ಸಾಯ್ತಾರೆ" ಅಂತಷ್ಟೇ ಹೇಳಿದ್ದೆ, ಯಾರು ಅಂತ ಹೇಳಿರಲಿಲ್ಲ. ಜೋಜೋಗೆ ಲೇಸ್ ಕಟ್ಟೋಕೆ ಬರಲ್ಲ, ಅಮ್ಮನೇ ಕಟ್ಟಬೇಕು. ಅಮ್ಮನ ಕೆಂಪು-ಬಿಳಿ ಶೂಗಳನ್ನು ಕ್ಯಾಮೆರಾ ಮತ್ತೆ ಮತ್ತೆ ತೋರಿಸುತ್ತೆ. ಆಮೇಲೊಂದು ದಿನ ಜೋಜೋ ನೀಲಿ ಚಿಟ್ಟೆಯ ಹಿಂದೆ ಹೋಗಿ ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂರ್ತಾನೆ. ಎದ್ದು ನಿಂತಾಗ ಅವನ ಮುಖದ ಪಕ್ಕ ಅದೇ ಶೂ, ಗಾಳಿಯಲ್ಲಿ. ಅಮ್ಮನ ಮುಖ ತೋರಿಸೋದೇ ಇಲ್ಲ. ಅವನು ಆ ಕಾಲು ತಬ್ಬಿಕೊಂಡು, ಬಿಚ್ಚಿದ ಲೇಸ್ ಕಟ್ಟೋಕೆ ನೋಡ್ತಾನೆ, ಬರಲ್ಲ. ರಿಮೋಟ್ ನನ್ನ ಕೈಯಲ್ಲೇ ಇತ್ತು. ಒತ್ತೋ ಮೊದಲೇ ಮಗ "ನಿಲ್ಲಿಸ್ಬೇಡ" ಅಂದ. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿಯೋ ನೆಪದಲ್ಲಿ ನಿಂತ. ಸಾಯೋದು ಅಮ್ಮ ಅಂತ ಮೊದಲೇ ಹೇಳಬೇಕಿತ್ತು. ನೀವು ಮಕ್ಕಳಿಗೆ ತೋರಿಸೋದಾದರೆ ಹೇಳಿಬಿಡಿ, ಸಿನಿಮಾದ ಮಜಾ ಅದರಿಂದ ಏನೂ ಕಡಿಮೆ ಆಗಲ್ಲ. ಆ ರಾತ್ರಿ ಅವನು ನಮ್ಮ ರೂಮಿನಲ್ಲೇ ಮಲಗಿದ.

ಮಾರನೇ ದಿನ ತಿಂಡಿ ತಿನ್ನುತ್ತಾ ಕೇಳಿದ: "ನಾಜಿಗಳೆಲ್ಲ ಇಷ್ಟು ಪೆದ್ದರಾ?" ಸಿನಿಮಾದ ಬಗ್ಗೆ ನನ್ನ ತಕರಾರೂ ಅದೇ. ಇಲ್ಲಿ ಅವರೆಲ್ಲ ಕೋಡಂಗಿಗಳು. ನಿಜದಲ್ಲಿ ಮೇಷ್ಟ್ರು, ಡಾಕ್ಟರು, ವಕೀಲರು ಇದ್ದರು. ಅವರು ಕೊಂದ ಸುಮಾರು 60 ಲಕ್ಷ ಯಹೂದಿಗಳಲ್ಲಿ ಹತ್ತಿರ ಹತ್ತಿರ 15 ಲಕ್ಷ ಮಕ್ಕಳು. ಅದು ಪೆದ್ದರು ಮಾಡೋ ಕೆಲಸ ಅಲ್ಲ. 'ವಿಷದ ಅಣಬೆ' ಅಂತ 1938ರಲ್ಲಿ ಬಂದ ಮಕ್ಕಳ ಚಿತ್ರಪುಸ್ತಕದ ಬಗ್ಗೆ ಹೇಳಿದೆ. ಅದರಲ್ಲಿ ಅಮ್ಮ ಮತ್ತು ಮಗ ಕಾಡಿಗೆ ಅಣಬೆ ಆರಿಸೋಕೆ ಹೋಗ್ತಾರೆ. ಒಳ್ಳೆ ಅಣಬೆ ಯಾವುದು, ವಿಷದ್ದು ಯಾವುದು ತೋರಿಸುತ್ತಾ ಅಮ್ಮ, ಮನುಷ್ಯರಲ್ಲೂ ಹೀಗೇ ಕಂದ, ಯಹೂದಿಗಳು ವಿಷದ ಅಣಬೆ ಅಂತ ಕಲಿಸ್ತಾಳೆ. ಅದನ್ನು ಅಚ್ಚು ಹಾಕಿಸಿದ ಯೂಲಿಯಸ್ ಸ್ಟ್ರೈಖರ್‌ನನ್ನು 1946ರಲ್ಲಿ ನ್ಯೂರೆಂಬರ್ಗಿನಲ್ಲಿ ನೇಣಿಗೆ ಹಾಕಿದರು. ಮಗ ಚಪಾತಿ ಮುರಿಯೋದು ನಿಲ್ಲಿಸಿ, "ಅಮ್ಮಾನೇ ಹೇಳಿಕೊಟ್ಲಾ?" ಅಂದ. ಹೂಂ ಅಂದೆ. ಸ್ವಲ್ಪ ಹೊತ್ತಿನ ಮೇಲೆ ಅವನಾಗೇ ಹೇಳಿದ, ಉಗುಳಿನ ಮಾತು ಸ್ಕೂಲ್ ವ್ಯಾನಿನಲ್ಲಿ ಯಾರದೋ ಮೊಬೈಲಿನಲ್ಲಿ ಬಂದದ್ದು ಅಂತ. ಆ ಹುಡುಗನ ಟಿಫಿನ್ ಬಾಕ್ಸಿನಿಂದ ಇವನು ಎಷ್ಟೋ ಸಲ ತಿಂದಿದ್ದಾನಂತೆ.

ಒಂದು ತಿಂಗಳಾಗಿರಬೇಕು. ಸಂಜೆ ಫೋನಿನಲ್ಲಿ ತಂಗಿಯ ಜೊತೆ ಮಹಡಿ ಮನೆಗೆ ಬಂದ ಹೊಸ ಬಾಡಿಗೆಯವರ ಸುದ್ದಿ ಮಾತಾಡ್ತಿದ್ದೆ. "ಆ ಕಡೆಯವರೆಲ್ಲ ಹಂಗೇನಂತೆ ಕಣೇ, ನೀರು ಸುಮ್ನೆ ಸುರೀತಾರಂತೆ" ಅಂದೆ. ಹೋಂವರ್ಕ್ ಬರೀತಿದ್ದ ಮಗ ತಲೆ ಎತ್ತಲಿಲ್ಲ. "ಯಾರು ಹೇಳಿದ್ದಮ್ಮ?" ಅಂದ.

"ಓನರ್ ಆಂಟಿ."

"ಅವರಿಗೆ ಯಾರು ಹೇಳಿದ್ದು?"

ತಂಗಿ ಆ ಕಡೆಯಿಂದ ಹಲೋ ಹಲೋ ಅನ್ನುತ್ತಿದ್ದಳು. ಆಮೇಲೆ ಮಾಡ್ತೀನಿ ಅಂತ ಫೋನ್ ಇಟ್ಟು ಸಾರಿಗೆ ಒಗ್ಗರಣೆ ಹಾಕೋಕೆ ಎದ್ದೆ.