ಹಳೆಯ ಫೋರ್ ವೀಲ್ ಡ್ರೈವ್: ಅಡಿಭಾಗದ ಆರೈಕೆ ಮನೆಯಲ್ಲೇ

ಹಳೆಯ ಫೋರ್ ವೀಲ್ ಡ್ರೈವ್ ವಾಹನ ಕೊಂಡವರು ಮೊದಲು ಬಾನೆಟ್ ಎತ್ತಿ ನೋಡುತ್ತಾರೆ. ಆದರೆ ನೀರು, ಕೆಸರು, ದೂಳಿನ ಹೊಡೆತ ತಿನ್ನುವುದು ವಾಹನದ ಅಡಿಭಾಗ. ಸಾಮಾನ್ಯ ಸಲಕರಣೆಗಳಿದ್ದರೆ ಅಲ್ಲಿನ ಹಲವು ಕೆಲಸಗಳನ್ನು ನಾವೇ ಮಾಡಿಕೊಳ್ಳಬಹುದು.

ವಾಹನವನ್ನು ಎತ್ತುವ ಮುನ್ನ ಹ್ಯಾಂಡ್‌ಬ್ರೇಕ್ ಯಾವುದನ್ನು ಹಿಡಿಯುತ್ತದೆ ಎಂದು ತಿಳಿದಿರಬೇಕು. ಹಲವು ಹಳೆಯ ಜೀಪು, ಲ್ಯಾಂಡ್ ರೋವರ್‌ಗಳಲ್ಲಿ ಅದು ಚಕ್ರಗಳನ್ನಲ್ಲ, ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರು ಪೆಟ್ಟಿಗೆ) ಹಿಂದಿರುವ, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಎತ್ತಿದೊಡನೆ, ಶಾಫ್ಟ್ ನಿಶ್ಚಲವಾಗಿದ್ದರೂ ಎತ್ತಿದ ಚಕ್ರ ಒಂದು ದಿಕ್ಕಿಗೆ, ನೆಲದ ಮೇಲಿರುವುದು ಇನ್ನೊಂದು ದಿಕ್ಕಿಗೆ ತಿರುಗಲು ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಇದ್ದು ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಅವಕಾಶ ಕೊಡುವುದರಿಂದ ವಾಹನ ಉರುಳಿಬಿಡಬಹುದು. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲುಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಕಟ್ಟೆ ಕೊಟ್ಟು, ಎತ್ತಿದ ಮೇಲೆ ಆಕ್ಸಲ್ ಸ್ಟ್ಯಾಂಡಿನ ಮೇಲೆ ಕೂರಿಸಿದ ನಂತರವೇ ಅಡಿಗೆ ಹೋಗಬೇಕು. ಬರಿಯ ಜಾಕನ್ನು ಎಂದೂ ನಂಬಬಾರದು.

ಈಗ ಡಿಫರೆನ್ಷಿಯಲ್ ಆಯಿಲ್. ಸ್ವಲ್ಪ ದೂರ ಓಡಿಸಿ ಬಂದರೆ ಆಯಿಲ್ ಬೆಚ್ಚಗಾಗಿ ಸಲೀಸಾಗಿ ಇಳಿಯುತ್ತದೆ. ಮೊದಲು ಬಿಚ್ಚಬೇಕಾದದ್ದು ತುಂಬುವ ಪ್ಲಗ್, ಸುರಿಸುವ ಪ್ಲಗ್ ಅಲ್ಲ. ಹಳೆಯ ಆಯಿಲನ್ನೆಲ್ಲ ಸುರಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಕೂತಿದೆಯೆಂದು ಗೊತ್ತಾದರೆ ವಾಹನ ಕದಲದೆ ಅಲ್ಲೇ ಉಳಿಯುತ್ತದೆ. ಇಳಿದ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ. ಹಾಲು ಬೆರೆತಂತೆ ಬಿಳಿಚಿಕೊಂಡಿದ್ದರೆ ಒಳಗೆ ನೀರು ಸೇರಿದೆ. ಪ್ಲಗ್ಗಿಗೆ ಅಯಸ್ಕಾಂತವಿದ್ದರೆ ಅದಕ್ಕಂಟಿದ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಸಹಜ ಸವೆತದ್ದು, ಕೈಗೆ ಚುಚ್ಚುವ ಚೂರುಗಳು ಸಿಕ್ಕರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಬೇಕು.

ನೀರು ಸೇರಿದ್ದರೆ ಬ್ರೀದರನ್ನು, ಅಂದರೆ ಆಕ್ಸಲ್ ಒಳಗೆ ಹೊರಗೆ ಗಾಳಿಯಾಡಲು ಇರುವ ಸಣ್ಣ ಕಿಂಡಿಯನ್ನು, ಬಿಚ್ಚಿ ಊದಿ ನೋಡಿ. ಬಿಸಿಯಾದ ಆಕ್ಸಲ್ ತಣ್ಣನೆಯ ಹಳ್ಳದ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿಕೊಂಡಿದ್ದರೆ ಆ ಒತ್ತಡದ ಕೊರತೆ ಸೀಲುಗಳ ಸಂದಿನಿಂದ ನೀರನ್ನೇ ಒಳಗೆಳೆಯುತ್ತದೆ. ಹೀಗಾಗಿ ಆಯಿಲ್ ಬದಲಿಸಿ ಬ್ರೀದರ್ ಬಿಟ್ಟರೆ ಆ ಕೆಲಸ ಮತ್ತೆ ಬರುವುದು ಖಂಡಿತ. ಹೊಸ ಆಯಿಲನ್ನು, ಕೈಪಿಡಿ ಬೇರೆ ಮಟ್ಟ ಹೇಳದಿದ್ದರೆ, ತುಂಬುವ ತೂತಿನ ಕೆಳ ಅಂಚಿನವರೆಗೆ ಹಾಕಿ. ಡಿಫರೆನ್ಷಿಯಲ್‌ಗೆ ತಂದ ಜಿಎಲ್-5 (ಗೇರ್ ಆಯಿಲಿನ ಒಂದು ದರ್ಜೆ) ಆಯಿಲನ್ನೇ ಗೇರ್‌ಬಾಕ್ಸಿಗೂ ಸುರಿಯಬೇಡಿ, ಅದರಲ್ಲಿನ ಗಂಧಕದ ಸಂಯುಕ್ತಗಳು ಹಳೆಯ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು (ಗೇರ್ ಬದಲಿಸುವಾಗ ವೇಗ ಹೊಂದಿಸುವ ಬಳೆಗಳು) ತಿನ್ನಬಲ್ಲವು.

ಮುಂದಿನದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳು, ಅಂದರೆ ಅದರ ತುದಿಗಳಲ್ಲಿ ಬಾಗುವ ಕೀಲುಗಳು. ಶಾಫ್ಟನ್ನು ಒಂದು ಕೈಯಲ್ಲಿ, ಅದು ಜೋಡಣೆಯಾಗುವ ಫ್ಲೇಂಜನ್ನು ಇನ್ನೊಂದು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುವಿದಾಗ ಕ್ರಾಸ್‌ನಲ್ಲಿ ಸಡಿಲ ಅಲುಗಾಟ ಕಂಡರೆ, ಅಥವಾ ಕ್ರಾಸ್‌ನ ತುದಿಗಳನ್ನು ಮುಚ್ಚುವ ಕಪ್ಪಿನ ಸುತ್ತ ಕೆಂಪು ಪುಡಿ ಉದುರಿದ್ದರೆ, ಒಳಗಿನ ಸೂಜಿ ಬೇರಿಂಗುಗಳ ಗ್ರೀಸ್ ಒಣಗಿ ತುಕ್ಕು ಹಿಡಿದಿದೆ ಎಂದರ್ಥ, ಅದನ್ನು ಬದಲಿಸಲೇಬೇಕು. ಚೆನ್ನಾಗಿದ್ದರೆ ಗ್ರೀಸ್ ತುಂಬುವ ನಿಪ್ಪಲ್ಲನ್ನು ಒರೆಸಿ, ನಾಲ್ಕೂ ಕಪ್ಪುಗಳಿಂದ ಹೊಸ ಗ್ರೀಸ್ ಇಣುಕುವವರೆಗೆ ಗ್ರೀಸ್ ಗನ್ ಒತ್ತಿ. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದು ಕಪ್ಪು ಇನ್ನೂ ಒಣಗಿಯೇ ಇದೆ. ಶಾಫ್ಟನ್ನು ತುಸು ಅಲುಗಾಡಿಸಿ ಮತ್ತೆ ಒತ್ತಿ ನೋಡಬೇಕು.