ಹಲವು ಲಿಗಮೆಂಟ್ ಹರಿದ ಮಂಡಿ: ಮೆನಿಸ್ಕಸ್, ಮೃದ್ವಸ್ಥಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ಬೈಕಿನಿಂದ ಬಿದ್ದಾಗ, ಎತ್ತರದಿಂದ ಜಿಗಿದು ಕಾಲು ತಿರುಚಿದಾಗ, ಇಲ್ಲವೇ ಆಟದಲ್ಲಿ ಎದುರಾಳಿಯ ಮೈಭಾರವೆಲ್ಲ ಮಂಡಿಯ ಮೇಲೆ ಬಿದ್ದಾಗ ಮೂಳೆಗೆ ಮೂಳೆಯನ್ನು ಬಿಗಿದಿಡುವ ಲಿಗಮೆಂಟ್‌ಗಳಲ್ಲಿ ಒಂದಲ್ಲ, ಎರಡು ಮೂರು ಒಟ್ಟಿಗೇ ಹರಿಯುವುದುಂಟು. ಎಂಆರ್‌ಐ ವರದಿ ಕೈಗೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಎಸಿಎಲ್ ಪೂರ್ತಿ ಹರಿದಿದೆ, ಪಿಸಿಎಲ್ ಪೂರ್ತಿ ಹರಿದಿದೆ ಎಂದು ಮಂಡಿಯ ನಡುವಿನ ಎರಡು ಲಿಗಮೆಂಟ್‌ಗಳ ಬಗ್ಗೆ ಬರೆದ ಸಾಲುಗಳಿಗೆ. ಅದರ ಕೆಳಗೆ ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್‌ನ ಹಿಂಬದಿಯಲ್ಲಿ ಸೀಳಿದೆ, ಮೂಳೆಯ ತುದಿ ಹೊದ್ದಿರುವ ಮೃದ್ವಸ್ಥಿಯಲ್ಲಿ ಇಂತಿಷ್ಟು ಆಳದ ಗಾಯವಿದೆ ಎಂದು ಬರೆದಿರುವುದನ್ನು ನಿಧಾನವಾಗಿ ಓದುವವರು ಕಡಿಮೆ. ಹರಿದ ಲಿಗಮೆಂಟನ್ನು ದೇಹದ ಬೇರೆ ಕಡೆಯಿಂದ ತೆಗೆದ ಸ್ನಾಯುರಜ್ಜು ಬಳಸಿ ಹೊಸದಾಗಿ ಕಟ್ಟಬಹುದು. ಹಾಳಾದ ಮೃದ್ವಸ್ಥಿಯನ್ನು ಮೊದಲಿದ್ದಂತೆಯೇ ಮಾಡುವ ವಿದ್ಯೆ ಇನ್ನೂ ಯಾರಿಗೂ ದಕ್ಕಿಲ್ಲ. ಹಾಗಾಗಿ ಮಂಡಿ ಮುಂದಿನ ವರ್ಷ ಹೇಗಿರುತ್ತದೆ ಎಂಬುದು ಲಿಗಮೆಂಟ್‌ಗಳ ಮೇಲೆ ನಿಂತಿದ್ದರೆ, ಇಪ್ಪತ್ತು ವರ್ಷಗಳ ನಂತರ ಹೇಗಿರುತ್ತದೆ ಎಂಬುದು ಬಹುಮಟ್ಟಿಗೆ ಆ ಕೆಳಗಿನ ಸಾಲುಗಳ ಮೇಲೆ ನಿಂತಿದೆ.

ವೈದ್ಯರ ವರ್ಗೀಕರಣದಲ್ಲೂ ಈ ಮರೆವು ಇದೆ. ಕೀಲು ತಪ್ಪಿದ ಮಂಡಿಗಳನ್ನು ವಿಂಗಡಿಸಲು ಅಮೆರಿಕದ ಶಸ್ತ್ರವೈದ್ಯ ಶೆಂಕ್ 1994ರಲ್ಲಿ ಸೂಚಿಸಿದ ಕ್ರಮವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಅದು ಹರಿದ ಲಿಗಮೆಂಟ್‌ಗಳನ್ನು ಎಣಿಸುತ್ತದೆ, ಮೂಳೆ ಮುರಿತಕ್ಕೆ ಒಂದು ದರ್ಜೆ ಕೊಡುತ್ತದೆ, ರಕ್ತನಾಳಕ್ಕೂ ನರಕ್ಕೂ ಒಂದೊಂದು ಅಕ್ಷರ ಸೇರಿಸುತ್ತದೆ. ಮೆನಿಸ್ಕಸ್‌ಗೆ, ಮೃದ್ವಸ್ಥಿಗೆ ಅದರಲ್ಲಿ ಜಾಗವಿಲ್ಲ. ಆದ್ದರಿಂದ ಅವುಗಳ ಬಗ್ಗೆ ಪ್ರತಿ ಹಂತದಲ್ಲೂ ರೋಗಿ ತಾನಾಗಿಯೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮಂಡಿಯ ಒಳಗೆ ಏನಾಗುತ್ತದೆ

ಮಂಡಿಯ ನಡುವೆ ಒಂದನ್ನೊಂದು ಅಡ್ಡ ಹಾಯುವ ಎಸಿಎಲ್ ಮತ್ತು ಪಿಸಿಎಲ್, ಒಳಬದಿಯಲ್ಲಿ ಎಂಸಿಎಲ್, ಹೊರಬದಿಯಲ್ಲಿ ಎಲ್‌ಸಿಎಲ್ ಎಂಬ ನಾಲ್ಕು ಮುಖ್ಯ ಲಿಗಮೆಂಟ್‌ಗಳಿವೆ. ಇವು ಕೀಲನ್ನು ಹಿಡಿದಿಡುವ ಹಗ್ಗಗಳು. ತೊಡೆಮೂಳೆಯ ದುಂಡು ತುದಿಗೂ ಕೆಳಗಿನ ಕಾಲುಮೂಳೆಯ ಚಪ್ಪಟೆ ತಲೆಗೂ ನಡುವೆ, ಒಳಬದಿಗೊಂದು ಹೊರಬದಿಗೊಂದರಂತೆ, ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ; ಅವೇ ಮೆನಿಸ್ಕಸ್‌ಗಳು. ಮೂಳೆಗಳ ತುದಿಯನ್ನು ಸುಮಾರು 2ರಿಂದ 4 ಮಿಲಿಮೀಟರ್ ದಪ್ಪದ ನುಣುಪಾದ ಮೃದ್ವಸ್ಥಿ ಹೊದ್ದಿರುತ್ತದೆ.

ಮೆನಿಸ್ಕಸ್ ಬರಿಯ ದಿಂಬಲ್ಲ. ಅದರ ಅಡ್ಡಕೊಯ್ತ ಬೆಣೆಯಂತೆ ಇರುತ್ತದೆ, ಹೊರ ಅಂಚು ದಪ್ಪ, ಒಳ ಅಂಚು ತೆಳು. ಮೇಲಿನಿಂದ ಭಾರ ಬಿದ್ದಾಗ ಅದು ಹೊರಕ್ಕೆ ಜಾರಲು ನೋಡುತ್ತದೆ. ಜಾರದಂತೆ ತಡೆಯುವುದು ಅಂಚಿನ ಉದ್ದಕ್ಕೂ ಸುತ್ತಿ ಓಡುವ ನಾರುಗಳು ಮತ್ತು ಎರಡೂ ತುದಿಗಳನ್ನು ಮೂಳೆಗೆ ಬಿಗಿದಿರುವ ಬೇರುಗಳು. ಮರದ ಗಾಲಿ ಸಿಡಿಯದಂತೆ ಸುತ್ತ ಬಿಗಿದ ಕಬ್ಬಿಣದ ಪಟ್ಟಿಯ ಕೆಲಸವನ್ನೇ ಅವು ಮಾಡುತ್ತವೆ. ಕಾಲು ನೇರವಾಗಿದ್ದಾಗ ಮಂಡಿಯ ಭಾರದ ಸುಮಾರು ಅರ್ಧವನ್ನೂ, 90 ಡಿಗ್ರಿ ಮಡಿಸಿದಾಗ ಸುಮಾರು 85 ಶೇಕಡಾವನ್ನೂ ಮೆನಿಸ್ಕಸ್‌ಗಳು ಹೊರುತ್ತವೆ. ಪಟ್ಟಿ ಒಂದೆಡೆ ಪೂರ್ತಿ ತುಂಡಾದರೆ, ಅಥವಾ ಬೇರು ಕಿತ್ತುಬಂದರೆ, ಮೆತ್ತೆ ಅಲ್ಲೇ ಇದ್ದರೂ ಭಾರ ಹೊರುವ ಶಕ್ತಿ ಹೋಗಿರುತ್ತದೆ. ಹಿಂದೆ ಹರಿದ ಮೆನಿಸ್ಕಸ್ಸನ್ನು ಬೇಡದ ಅಂಗವೆಂಬಂತೆ ಕತ್ತರಿಸಿ ತೆಗೆಯುತ್ತಿದ್ದರು. ಹಾಗೆ ತೆಗೆದ ಮಂಡಿಗಳ ಎಕ್ಸ್‌ರೇಗಳಲ್ಲಿ ಕೀಲಿನ ಸಂದು ಕಿರಿದಾಗಿ, ಮೂಳೆಯ ಆಕಾರ ಬದಲಾಗುವುದನ್ನು ಬ್ರಿಟಿಷ್ ಶಸ್ತ್ರವೈದ್ಯ ಫೇರ್‌ಬ್ಯಾಂಕ್ 1948ರಲ್ಲೇ ವಿವರಿಸಿದರು.

ಮೃದ್ವಸ್ಥಿಯ ಕಷ್ಟ ಬೇರೆಯದು. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ರಕ್ತವಿಲ್ಲದ್ದರಿಂದ ಗಾಯ ತಾನಾಗಿ ಕೂಡುವುದಿಲ್ಲ. ನರವಿಲ್ಲದ್ದರಿಂದ ಗಾಯವಾದದ್ದು ನೋವಿನ ಮೂಲಕ ತಿಳಿಯುವುದೂ ಇಲ್ಲ. ಒಮ್ಮೆ ನಾಶವಾದ ಮೃದ್ವಸ್ಥಿ ಮತ್ತೆ ಸರಿಹೋಗುವುದಿಲ್ಲವೆಂದು ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಹಂಟರ್ 1743ರಲ್ಲಿ ಬರೆದದ್ದು ಸ್ವಲ್ಪ ತಿದ್ದುಪಡಿಯೊಂದಿಗೆ ಈಗಲೂ ನಿಜ.

ಇವೆರಡಕ್ಕೂ ಏಟು ಬೀಳುವುದು ಎರಡು ಸಲ. ಮೊದಲನೆಯದು ಅಪಘಾತದ ಕ್ಷಣದಲ್ಲಿ. ಲಿಗಮೆಂಟ್‌ಗಳು ಹರಿದು ಕೀಲು ಜಾರಿದಾಗ ಮೂಳೆಗೆ ಮೂಳೆ ಬಡಿಯುತ್ತದೆ, ನಡುವೆ ಸಿಕ್ಕ ಮೆನಿಸ್ಕಸ್ ಸೀಳುತ್ತದೆ, ಮೃದ್ವಸ್ಥಿಯ ಚೂರು ಕೆಲವೊಮ್ಮೆ ತಳದ ಮೂಳೆಯ ಸಮೇತ ಎದ್ದುಬರುತ್ತದೆ. ಎರಡನೆಯ ಏಟು ಸದ್ದಿಲ್ಲದ್ದು. ಎಸಿಎಲ್ ಇಲ್ಲದ ಮಂಡಿಯಲ್ಲಿ ಕಾಲುಮೂಳೆ ಮುಂದಕ್ಕೆ ಜಾರದಂತೆ ತಡೆಯುವ ಹೊಣೆ ಒಳ ಮೆನಿಸ್ಕಸ್‌ನ ಹಿಂಭಾಗದ ಮೇಲೆ ಬೀಳುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯ ಚಕ್ರಕ್ಕೆ ಕೊಟ್ಟ ಕಲ್ಲಿನಂತೆ ಅದು ತಡೆಯುತ್ತದೆ, ಪ್ರತಿ ಸಲ ಮಂಡಿ ಕೈಕೊಟ್ಟಾಗಲೂ ಜಜ್ಜಿಹೋಗುತ್ತದೆ. ತಿಂಗಳುಗಟ್ಟಲೆ ತಡವಾಗಿ ಬಂದ ಮಂಡಿಗಳಲ್ಲಿ ಮೃದ್ವಸ್ಥಿಯ ಹಾನಿ ಹೆಚ್ಚಾಗಿ ಕಾಣುವುದಕ್ಕೆ ಈ ಎರಡನೆಯ ಏಟೇ ದೊಡ್ಡ ಕಾರಣ.

ಮೊದಲ ಹೆಜ್ಜೆ: ಪಾದವನ್ನು ನೋಡುವುದು

ಮೆನಿಸ್ಕಸ್ ಬಗ್ಗೆ ಯೋಚಿಸುವ ಮೊದಲು ಕಾಲು ಉಳಿಯಬೇಕು. ಮಂಡಿಯ ಹಿಂದೆ ಹಾದುಹೋಗುವ ಅಪಧಮನಿ ಕೀಲು ತಪ್ಪಿದಾಗ ಎಳೆದು ಹರಿಯಬಹುದು. ಪಾದ ತಣ್ಣಗಾಗಿದೆಯೇ, ಬಿಳಿಚಿದೆಯೇ, ನಾಡಿ ಸಿಗುತ್ತಿದೆಯೇ, ಪಾದವನ್ನೂ ಹೆಬ್ಬೆರಳನ್ನೂ ಮೇಲಕ್ಕೆತ್ತಲು ಆಗುತ್ತಿದೆಯೇ ಎಂದು ಕೂಡಲೇ ನೋಡಬೇಕು. ರಕ್ತ ಹರಿಯದೆ ಆರರಿಂದ ಎಂಟು ಗಂಟೆ ಕಳೆದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಆಸ್ಪತ್ರೆಯಲ್ಲಿ ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸುತ್ತಾರೆ. ಆ ಅನುಪಾತ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳದ ಸ್ಕ್ಯಾನ್ ಅಗತ್ಯ. ಜಾರಿದ ಕೀಲು ಆಸ್ಪತ್ರೆ ತಲುಪುವ ಮೊದಲೇ ತಾನಾಗಿ ಕೂತು ಎಕ್ಸ್‌ರೇ ಸರಿಯಾಗಿಯೇ ಕಾಣುವುದುಂಟು. ಊತವೂ ಮೋಸ ಮಾಡುತ್ತದೆ: ಕೀಲಿನ ಚೀಲವೇ ಹರಿದಿದ್ದರೆ ಒಳಗಿನ ರಕ್ತ ಮೀನಖಂಡದತ್ತ ಸೋರಿ, ದೊಡ್ಡ ಪೆಟ್ಟಾದ ಮಂಡಿ ಸಣ್ಣ ಪೆಟ್ಟಾದ ಮಂಡಿಗಿಂತ ಕಡಿಮೆ ಊದಿಕೊಂಡಿರಬಹುದು. ದಾರಿಯಲ್ಲಿ ಕಾಲನ್ನು ಎಳೆಯದೆ, ನೀವದೆ, ಇದ್ದ ಸ್ಥಿತಿಯಲ್ಲೇ ಆಸರೆ ಕೊಟ್ಟು ಕಟ್ಟಿ ಸಾಗಿಸಬೇಕು.

ಎರಡನೆಯ ಹೆಜ್ಜೆ: ವರದಿಯನ್ನು ಕೊನೆಯವರೆಗೆ ಓದುವುದು

ಎಕ್ಸ್‌ರೇಯಲ್ಲಿ ಮೆನಿಸ್ಕಸ್ ಕಾಣುವುದಿಲ್ಲ, ಮೃದ್ವಸ್ಥಿಯೂ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು. ವರದಿಯಲ್ಲಿ ಕೆಲವು ಪದಗಳನ್ನು ಹುಡುಕಿ ಗುರುತು ಹಾಕಿಕೊಳ್ಳಿ. 'ಬಕೆಟ್ ಹ್ಯಾಂಡಲ್' ಎಂದರೆ ಮೆನಿಸ್ಕಸ್‌ನ ಉದ್ದಕ್ಕೂ ಸೀಳು ಬಿಟ್ಟು, ಒಳಭಾಗ ಬಕೆಟ್ಟಿನ ಹಿಡಿಯಂತೆ ಮಗುಚಿ ಕೀಲಿನ ನಡುವೆ ಸಿಕ್ಕಿಕೊಂಡಿದೆ ಎಂದರ್ಥ. ಇಂಥ ಮಂಡಿಯನ್ನು ಪೂರ್ತಿ ನೇರ ಮಾಡಲಾಗುವುದಿಲ್ಲ. 'ರೂಟ್' ಎಂದಿದ್ದರೆ ಬೇರು ಕಿತ್ತಿದೆ; ಒಳ ಮೆನಿಸ್ಕಸ್‌ನ ಹಿಂದಿನ ಬೇರು ಕಿತ್ತರೆ ಮೂಳೆಗಳ ನಡುವಿನ ಒತ್ತಡ ಇಡೀ ಮೆನಿಸ್ಕಸ್ ತೆಗೆದಾಗಿನಷ್ಟೇ ಏರುತ್ತದೆ. 'ರೇಡಿಯಲ್' ಎಂದರೆ ಅಂಚಿಗೆ ಅಡ್ಡಲಾಗಿ, ಆ ಸುತ್ತುಪಟ್ಟಿಯನ್ನೇ ಕಡಿಯುವ ಸೀಳು. ಮೃದ್ವಸ್ಥಿಯ ಗಾಯವನ್ನು ಸಾಮಾನ್ಯವಾಗಿ 0ರಿಂದ 4ರವರೆಗಿನ ದರ್ಜೆಯಲ್ಲಿ ಹೇಳುತ್ತಾರೆ. 1 ಎಂದರೆ ಮೇಲ್ಮೈ ಮೆತ್ತಗಾಗಿದೆ ಅಥವಾ ಕೂದಲೆಳೆಯ ಬಿರುಕಿದೆ, 4 ಎಂದರೆ ತಳದ ಮೂಳೆ ಬಯಲಾಗಿದೆ. 'ಬೋನ್ ಬ್ರೂಸ್' ಎಂಬ ಪದವನ್ನು ಕಡೆಗಣಿಸಬೇಡಿ: ಮೂಳೆ ಒಳಗೇ ಜಜ್ಜಿದ ಜಾಗ ಅದು, ಅದರ ಮೇಲಿನ ಮೃದ್ವಸ್ಥಿ ನುಣುಪಾಗಿಯೇ ಕಂಡರೂ ಜೀವಕೋಶಗಳಿಗೆ ಏಟು ಬಿದ್ದಿರಬಹುದು.

ಎಂಆರ್‌ಐಗೂ ಮಿತಿಗಳಿವೆ. ಅದನ್ನು ಕಾಲು ನೀಡಿ ಮಲಗಿಸಿ ತೆಗೆಯುತ್ತಾರೆ. ಆ ಭಂಗಿಯಲ್ಲಿ ಒಳ ಮೆನಿಸ್ಕಸ್‌ನ ಹಿಂದಂಚು ಕೀಲಿನ ಚೀಲದಿಂದ ಬೇರ್ಪಟ್ಟ 'ರ‍್ಯಾಂಪ್' ಸೀಳು ಮುಚ್ಚಿಕೊಂಡು ತಪ್ಪಿಸಿಕೊಳ್ಳುತ್ತದೆ. ಸಣ್ಣ ತೂತಿನಿಂದ ಕೀಲಿನೊಳಗೆ ಕ್ಯಾಮೆರಾ ತೂರಿಸುವ ಆರ್ತ್ರೋಸ್ಕೋಪಿಯಲ್ಲೂ ಮುಂದಿನಿಂದ ನೋಡಿದರೆ ಮೆನಿಸ್ಕಸ್ ಇಡಿಯಾಗಿ, ಬೆಳ್ಳಗೆ, ಹೊಳೆಯುತ್ತ ಇರುತ್ತದೆ. ಎರಡು ಮೂಳೆಗುಬ್ಬುಗಳ ನಡುವಿನ ಸಂದಿನಲ್ಲಿ ಕ್ಯಾಮೆರಾವನ್ನು ಹಿಂದಕ್ಕೆ ತೂರಿಸಿ, ಸಣ್ಣ ಕೊಕ್ಕೆಯಿಂದ ಆ ಅಂಚನ್ನು ಮೆಲ್ಲಗೆ ಒತ್ತಿದಾಗ ಮಾತ್ರ ಅದು ಬಾಯಿ ಬಿಡುತ್ತದೆ. ಆದ್ದರಿಂದ, ಹಿಂಭಾಗವನ್ನೂ ನೋಡುತ್ತೀರಾ ಎಂದು ಶಸ್ತ್ರವೈದ್ಯರನ್ನು ಮೊದಲೇ ಕೇಳುವುದು ಅಧಿಕಪ್ರಸಂಗವಲ್ಲ.

ಮೂರನೆಯ ಹೆಜ್ಜೆ: ಯಾವಾಗ ಎಂಬುದನ್ನು ತೀರ್ಮಾನಿಸುವುದು

ಇಲ್ಲಿ ಎರಡು ಕಡೆಯಿಂದಲೂ ಎಳೆತವಿದೆ. ಹರಿದ ಚೀಲ ಕೂಡುವ ಮೊದಲೇ ಆರ್ತ್ರೋಸ್ಕೋಪಿ ಮಾಡಿದರೆ ಒಳಗೆ ಬಿಡುವ ದ್ರವ ಮೀನಖಂಡಕ್ಕೆ ಸೋರಿ ಅಲ್ಲಿ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹೀಗಾಗಿ ಅನೇಕರು ಒಂದೆರಡು ವಾರ ಕಾಯುತ್ತಾರೆ. ಮೂರು ವಾರ ದಾಟಿದರೆ ಬದಿಯ ಲಿಗಮೆಂಟ್‌ಗಳ ಹರಿದ ತುದಿಗಳು ಸುರುಟಿ, ಕಲೆಗಟ್ಟಿ, ಹೊಲಿಯಲು ಸಿಗುವುದಿಲ್ಲ. ಮಗುಚಿದ ಬಕೆಟ್ ಹ್ಯಾಂಡಲ್ ಸೀಳು, ಕೀಲಿನೊಳಗೆ ತೇಲುವ ಮೂಳೆ ಸಹಿತ ಮೃದ್ವಸ್ಥಿಯ ತುಂಡು ಇವೆರಡು ಕಾಯಿಸಬಾರದವು. ಆ ತುಂಡು ತಾಜಾ ಇದ್ದಾಗ ಮತ್ತೆ ಅದರ ಜಾಗದಲ್ಲಿ ಕೂರಿಸಿ ಬಿಗಿಯಬಹುದು. ವಾರಗಳು ಕಳೆದಂತೆ ಅದರ ಅಂಚು ಸವೆದು ಜಾಗಕ್ಕೆ ಹೊಂದುವುದಿಲ್ಲ. ರಕ್ತನಾಳದ ಗಾಯ ಅಥವಾ ಬೇರೆ ದೊಡ್ಡ ಪೆಟ್ಟುಗಳಿದ್ದು ತಡ ಮಾಡಲೇಬೇಕಾದಾಗ ಬ್ರೇಸ್ ಮತ್ತು ಊರುಗೋಲಿಲ್ಲದೆ ಓಡಾಡಬಾರದು. ನೋವು ಕಡಿಮೆಯಾಯಿತೆಂದು ಸಡಿಲ ಮಂಡಿಯಲ್ಲೇ ಆರು ತಿಂಗಳು ತಿರುಗಾಡುವುದು, ನನ್ನ ಪ್ರಕಾರ, ಈ ಗಾಯದಲ್ಲಿ ನಾವೇ ಮಾಡಿಕೊಳ್ಳುವ ಅತಿ ದೊಡ್ಡ ತಪ್ಪು.

ನಾಲ್ಕನೆಯ ಹೆಜ್ಜೆ: ಹೊಲಿಗೆಯೋ ಕತ್ತರಿಯೋ ಎಂದು ಮೊದಲೇ ಮಾತಾಡುವುದು

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಮೆನಿಸ್ಕಸ್ಸನ್ನು ಹೊಲಿಯುತ್ತೀರಾ, ತೆಗೆಯುತ್ತೀರಾ? ಉತ್ತರ ಸೀಳು ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ದೊಡ್ಡವರಲ್ಲಿ ಮೆನಿಸ್ಕಸ್‌ನ ಹೊರಗಿನ ಸುಮಾರು 10ರಿಂದ 30 ಶೇಕಡಾ ಭಾಗಕ್ಕೆ ಮಾತ್ರ ರಕ್ತ ಬರುತ್ತದೆ. ಈ ಕೆಂಪು ಅಂಚಿನ ಸೀಳು ಹೊಲಿದರೆ ಕೂಡುವ ಸಾಧ್ಯತೆ ಚೆನ್ನಾಗಿದೆ, ಒಳಗಿನ ಬಿಳಿ ಭಾಗದ್ದು ಕಡಿಮೆ. ಬೇರು ಕಿತ್ತಿದ್ದರೆ ದಾರ ಹಾಕಿ, ಕಾಲುಮೂಳೆಯಲ್ಲಿ ಕೊರೆದ ಸಣ್ಣ ಸುರಂಗದ ಮೂಲಕ ಎಳೆದು ಕಟ್ಟುತ್ತಾರೆ. ಲಿಗಮೆಂಟ್ ಕಟ್ಟುವಾಗಲೇ ಮೆನಿಸ್ಕಸ್ ಹೊಲಿಯುವುದರಲ್ಲಿ ಒಂದು ಲಾಭವಿದೆ: ಮೂಳೆ ಕೊರೆದಾಗ ಒಸರುವ ಮಜ್ಜೆಯ ರಕ್ತ ಗಾಯ ಕೂಡಲು ನೆರವಾಗುತ್ತದೆ, ಸ್ಥಿರವಾದ ಮಂಡಿ ಹೊಲಿಗೆಯನ್ನು ಕಾಯುತ್ತದೆ. ಸಡಿಲ ಮಂಡಿಯಲ್ಲಿ ಹಾಕಿದ ಹೊಲಿಗೆ ಬಾಳುವುದು ಕಷ್ಟ. ಹೊಲಿಯಲಾಗದ ಚಿಂದಿಯನ್ನು ತೆಗೆಯಲೇಬೇಕಾದರೂ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಮೃದ್ವಸ್ಥಿಗೆ ಆಯ್ಕೆಗಳು ಹಲವಿದ್ದರೂ ಯಾವುದೂ ಪೂರ್ಣ ಪರಿಹಾರವಲ್ಲ. ಸಡಿಲ ಚೂರುಗಳನ್ನು ಮಟ್ಟಸ ಮಾಡುವುದು, ತಳದ ಮೂಳೆಯಲ್ಲಿ ಸಣ್ಣ ತೂತು ಮಾಡಿ ಮಜ್ಜೆಯ ರಕ್ತ ಹೆಪ್ಪುಗಟ್ಟುವಂತೆ ಮಾಡುವ ಮೈಕ್ರೋಫ್ರ್ಯಾಕ್ಚರ್, ಭಾರ ಕಡಿಮೆ ಬೀಳುವ ಕಡೆಯಿಂದ ಮೂಳೆ ಸಹಿತ ಮೃದ್ವಸ್ಥಿಯ ತುಂಡು ತೆಗೆದು ಗಾಯದ ಜಾಗದಲ್ಲಿ ನೆಡುವುದು, ರೋಗಿಯದೇ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಕೂರಿಸುವುದು ಇವು ಮುಖ್ಯವಾದವು. ಕೋಶ ಬೆಳೆಸುವ ವಿಧಾನದ ಮೊದಲ ಫಲಿತಾಂಶಗಳು ಸ್ವೀಡನ್ನಿನಿಂದ 1994ರಲ್ಲಿ ಪ್ರಕಟವಾದವು. ಮೈಕ್ರೋಫ್ರ್ಯಾಕ್ಚರ್‌ನಿಂದ ಬೆಳೆಯುವುದು ಮೂಲದ ಗಾಜಿನಂಥ ಮೃದ್ವಸ್ಥಿಯಲ್ಲ, ಗಾಯದ ಕಲೆಗೆ ಹತ್ತಿರವಾದ ನಾರಿನ ಪದರ. ಕಾಲು ಒಳಕ್ಕೋ ಹೊರಕ್ಕೋ ಬಾಗಿದ್ದರೆ ಮೊದಲು ಮೂಳೆ ಕೊಯ್ದು ನೇರ ಮಾಡಬೇಕಾಗಬಹುದು. ಭಾರವೆಲ್ಲ ಗಾಯದ ಕಡೆಗೇ ಬೀಳುತ್ತಿರುವಾಗ ಏನು ನೆಟ್ಟರೂ ಉಳಿಯದು.

ಐದನೆಯ ಹೆಜ್ಜೆ: ಚೇತರಿಕೆಯ ಲೆಕ್ಕ

ಹಲವು ಲಿಗಮೆಂಟ್ ಕಟ್ಟಿದ ಮಂಡಿಯನ್ನು ಆಡಿಸದಿದ್ದರೆ ಅದು ಬಿಗಿದು ಮರಗಟ್ಟುತ್ತದೆ; ಬಿಗಿತವೇ ಈ ಶಸ್ತ್ರಚಿಕಿತ್ಸೆಯ ನಂತರದ ದೊಡ್ಡ ತೊಂದರೆ. ಹೊಲಿದ ಮೆನಿಸ್ಕಸ್‌ಗಾದರೋ ಸಂಯಮ ಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಾರದು, ಬೇರನ್ನು ಕಟ್ಟಿದ್ದರೆ ಆರು ವಾರ ಭಾರವೇ ಬೇಡ ಎನ್ನುತ್ತಾರೆ. ಈ ಅವಧಿಯಲ್ಲಿ ಮಡಿಸುವುದು 90 ಡಿಗ್ರಿಯವರೆಗೆ ಮಾತ್ರ. ಭಾರ ಹಾಕಿ ಆಳವಾಗಿ ಕುಕ್ಕರಗಾಲಲ್ಲಿ ಕೂರುವುದನ್ನು ಸುಮಾರು ನಾಲ್ಕು ತಿಂಗಳು ಮುಂದೂಡುತ್ತಾರೆ. ಬರಿಯ ಲಿಗಮೆಂಟ್ ಚಿಕಿತ್ಸೆಯಾದವರ ವ್ಯಾಯಾಮಪಟ್ಟಿ ಇಂಥವರಿಗೆ ಹೊಂದುವುದಿಲ್ಲ. ಫಿಸಿಯೋಥೆರಪಿಗೆ ಹೋಗುವಾಗ ಡಿಸ್ಚಾರ್ಜ್ ಚೀಟಿ ಸಾಲದು, ಯಾವ ಮೆನಿಸ್ಕಸ್‌ನ ಯಾವ ಭಾಗಕ್ಕೆ ಹೊಲಿಗೆ ಬಿದ್ದಿದೆ, ಮೃದ್ವಸ್ಥಿಗೆ ಏನು ಮಾಡಿದ್ದಾರೆ ಎಂದು ಬರೆದಿರುವ ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಯನ್ನೂ ಒಯ್ಯಬೇಕು.

ಆಟಕ್ಕೆ ಮರಳಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು, ಹಲವರಿಗೆ ಅದಕ್ಕಿಂತ ಹೆಚ್ಚು. ತೊಡೆಯ ಮುಂದಿನ ಸ್ನಾಯು ಮತ್ತೆ ಬಲಗೊಳ್ಳುವವರೆಗೆ ಮಂಡಿಯ ಧಕ್ಕೆಯನ್ನು ಮೃದ್ವಸ್ಥಿಯೇ ತಾಳಬೇಕಾಗುತ್ತದೆ. ತೂಕ ಹೆಚ್ಚಿರುವವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ನಂತರದ ವರ್ಷಗಳಲ್ಲಿ ಗಮನವಿಡಬೇಕಾದದ್ದು ನೋವಿನ ಮೇಲಷ್ಟೇ ಅಲ್ಲ. ಸ್ವಲ್ಪ ದೂರ ನಡೆದ ಮರುದಿನ ಮಂಡಿ ಊದಿಕೊಳ್ಳುವುದು, ತಿರುಗುವಾಗ ಒಳಗೆ ಏನೋ ಸಿಕ್ಕಿಕೊಂಡಂತಾಗುವುದು, ಕೀಲಿನ ಸಂದಿನ ಗೆರೆಯ ಮೇಲೆ ಬೆರಳೊತ್ತಿದರೆ ಒಂದೇ ಜಾಗದಲ್ಲಿ ಚುಚ್ಚುವುದು ಕಂಡರೆ ಮತ್ತೆ ತೋರಿಸಬೇಕು. ಆಗ ಎಕ್ಸ್‌ರೇಯನ್ನು ಮಲಗಿ ಅಲ್ಲ, ನಿಂತು, ಎರಡೂ ಮಂಡಿ ಸೇರಿಸಿ ತೆಗೆಸಬೇಕು. ಭಾರ ಬಿದ್ದಾಗ ಮಾತ್ರ ಸಂದು ಎಷ್ಟು ಕಿರಿದಾಗಿದೆ ಎಂಬುದು ತಿಳಿಯುತ್ತದೆ. ಚೇತರಿಸಿಕೊಂಡ ನಂತರ ಮೊದಲ ಸಲ ನಿಂತು ತೆಗೆಸಿದ ಎಕ್ಸ್‌ರೇಯನ್ನು ಎಸೆಯದೆ ಇಟ್ಟುಕೊಂಡಿದ್ದರೆ ಹೋಲಿಸಿ ನೋಡಲು ವೈದ್ಯರಿಗೆ ಬೇಕಾಗುವುದು ಅದೇ.